ಡುಲ್ಸಿನ್ ಉಂಟು

ಬೆಳಿಗ್ಗೆ ಐದೂ ಮುಕ್ಕಾಲು ಎಂದರೆ ಐದೂ ಮುಕ್ಕಾಲೇ. ಒಂದು ನಿಮಿಷ ತಡವಾಗಿ ಓಡೋಡಿ ಬಂದವಳಿಗೆ ಡುಲ್ಸಿನ್ ಡಿಮೆಲ್ಲೊ ಕೂರಲು ಜಾಗ ಕೊಡುತ್ತಿದ್ದಳು, ನಗುಮುಖ ಕೊಡುತ್ತಿದ್ದಳು, ಬೇಕಾದರೆ ತನ್ನ ಫ್ಲಾಸ್ಕಿನಿಂದ ಅರ್ಧ ಲೋಟ ಚಹಾವನ್ನೂ ಕೊಡುತ್ತಿದ್ದಳು. ಹಾಜರಿ ಮಾತ್ರ ಕೊಡುತ್ತಿರಲಿಲ್ಲ.

ಮಣಿಪಾಲದ ಹಾಕಿ ಮೈದಾನದ ಗ್ಯಾಲರಿಯ ಕೆಳಗೆ 'ಕರಾವಳಿ ಬ್ರೇಕರ್ಸ್' ಮಹಿಳಾ ತಂಡದ ಡ್ರೆಸ್ಸಿಂಗ್ ರೂಮು. ಆ ಹೆಸರನ್ನು ಇಟ್ಟವರು ಲೀಗಿನವರೋ ಮಾಲಕರೋ, ಅಂತೂ ಅದು ಜೆರ್ಸಿಯ ಬೆನ್ನಿಗೆ ಅಂಟಿಕೊಂಡಿತ್ತೇ ಹೊರತು ಯಾರ ಬಾಯಿಗೂ ಅಂಟಿರಲಿಲ್ಲ. ಒಳಗೆ ಹದಿನೆಂಟು ಲಾಕರು, ಎರಡು ಉದ್ದ ಬೆಂಚು, ತಿರುಗುವಾಗ ಗೊಣಗುವ ಒಂದು ಫ್ಯಾನು. ಬಾಗಿಲ ಪಕ್ಕದಲ್ಲಿ, ಒಗೆದ ಜೆರ್ಸಿಗಳನ್ನು ನೇತುಹಾಕುವ ಹಗ್ಗದ ಕೆಳಗೆ, ನೀರು ತೊಟ್ಟಿಕ್ಕುವ ಒಂದು ಮೂಲೆ. ಯಾರಿಗೂ ಬೇಡವಾದ ಆ ಮೂಲೆಯೇ ನಾಯಕಿಯ ಜಾಗ. ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೋಗುವವಳು ಬಾಗಿಲ ಹತ್ತಿರವೇ ಕೂರಬೇಕು ಎಂದು ಡುಲ್ಸಿನ್ ನಾಯಕಿಯಾದ ದಿನವೇ ತನ್ನ ಬ್ಯಾಗನ್ನು ಅಲ್ಲಿಟ್ಟಿದ್ದಳು. ವಯಸ್ಸು ಮೂವತ್ತನಾಲ್ಕು, ಗೋಲ್‌ಕೀಪರ್, ಊರು ಕಾರ್ಕಳ. ವಾರವಿಡೀ ಪರ್ಕಳದ ಬಾಡಿಗೆ ರೂಮಿನಲ್ಲಿ ವಾಸ, ಭಾನುವಾರ ಮಾತ್ರ ಅಮ್ಮನ ಕೈಯೂಟ.

ಈ ರೂಮಿನಲ್ಲಿ ಹೆಸರು ಕರೆದರೆ ಯಾರೂ 'ಪ್ರೆಸೆಂಟ್' ಅನ್ನುವುದಿಲ್ಲ, 'ಇದ್ದೇನೆ' ಅನ್ನುವುದೂ ಇಲ್ಲ. 'ಉಂಟು' ಅನ್ನುತ್ತಾರೆ. ಅದಕ್ಕೆ ಕಾರಣ ಡುಲ್ಸಿನಳದೇ ಒಂದು ಎಡವಟ್ಟು. ನಾಲ್ಕು ವರ್ಷದ ಹಿಂದೆ ತಂಡ ಕಟ್ಟಿದ ಮೊದಲ ದಿನ ಕೋಚ್ ವಲೇರಿಯನ್ ಸರ್ ಹೊಸ ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಹೆಸರು ಕರೆಯುತ್ತಿದ್ದರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಮಾತ್ರ ಕನ್ನಡ ಆಡಿ ಬೆಳೆದವಳ ನಾಲಿಗೆಯ ಮೇಲೆ ಮೂರೂ ಭಾಷೆಗಳು ಡಿಕ್ಕಿ ಹೊಡೆದು, "ಉಂಟು" ಎಂದುಬಿಟ್ಟಳು. ಸಾಮಾನಿಗೆ ಹೇಳುವ ಮಾತನ್ನು ಮನುಷ್ಯರಿಗೆ ಹೇಳಿಬಿಡುವ ಈ ತಪ್ಪು ಇಲ್ಲಿನವರಿಗೆ ಹೊಸದಲ್ಲ. ಆದರೆ ಮಟ್ಟುವಿನ ಆಶ್ರಿತಾ, ಗುಳ್ಳ ಬದನೆ ಬೆಳೆದು ಮಾರುವವರ ಮಗಳು, ಕೂತಲ್ಲಿಂದಲೇ ಅಂಗಡಿಯವನ ದನಿ ತೆಗೆದಳು: "ಅಕ್ಕಿ ಉಂಟು, ಬೆಲ್ಲ ಉಂಟು, ಗುಳ್ಳ ಉಂಟು, ಡುಲ್ಸಿನ್ ಉಂಟು!" ರೂಮಿಗೆ ರೂಮೇ ಬಿದ್ದು ಬಿದ್ದು ನಕ್ಕಿತು. ಮುಂದಿನ ಹೆಸರಿನವಳು ತಮಾಷೆಗೆ ಉಂಟು ಅಂದಳು, ಅವಳ ನಂತರದವಳೂ ಅಂದಳು. ರಾಂಚಿಯಿಂದ ಬಂದ ಇಬ್ಬರು ಹುಡುಗಿಯರು ಅದೇ ಕನ್ನಡದ ಸರಿಯಾದ ಕ್ರಮ ಎಂದುಕೊಂಡು ಗಂಭೀರವಾಗಿ ಅಂದರು.

ತಮಾಷೆ ಹಳೆಯದಾಯಿತು, ಮಾತು ಉಳಿಯಿತು. ಡುಲ್ಸಿನ್ ನಾಯಕಿಯಾದ ಮೇಲೆ ಅದಕ್ಕೊಂದು ಅರ್ಥವನ್ನೂ ಹಚ್ಚಿದಳು. "ಇದ್ದೇನೆ ಅಂತ ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುವವನೂ ಹೇಳಬಹುದು," ಅನ್ನುತ್ತಿದ್ದಳು ಹೊಸಬರಿಗೆ. "ಉಂಟು ಅಂದ್ರೆ ಅಂಗಡಿಯವ ಹೇಳಿದ ಹಾಗೆ. ಕೇಳಿದ ಕೂಡ್ಲೇ ತೆಗೆದು ಕೊಡ್ಲಿಕ್ಕೆ ರೆಡಿ ಉಂಟು ಅಂತ. ಉಂಟು ಅಂತ ಹೇಳಿ ಮತ್ತೆ ಡಬ್ಬಿ ಖಾಲಿ ಇದ್ರೆ, ಆ ಅಂಗಡಿಗೆ ಪುನಃ ಯಾರು ಹೋಗ್ತಾರೆ ಹೇಳು?"

ಕ್ರಮ ಸರಳ. ಬೂಟಿನ ಲೇಸು ಕಟ್ಟಿ ಕೂತಿರಬೇಕು, ಹೆಸರು ಕರೆದಾಗ ಉಂಟು ಅನ್ನಬೇಕು. ಅನ್ನದವಳು ಮುಂದಿನ ಪಂದ್ಯದ ಮೊದಲ ಹದಿನೈದು ನಿಮಿಷ, ಅಂದರೆ ಮೊದಲ ಕ್ವಾರ್ಟರ್, ಬೆಂಚಿನಲ್ಲಿ. ಕಾರಣ ಕೇಳುವುದಿಲ್ಲ, ಬೈಯುವುದೂ ಇಲ್ಲ. ನಾಯಕಿ ತನ್ನ ಹಾಜರಿಯನ್ನು ತಾನೇ ಹಾಕಿಕೊಳ್ಳುವಂತಿಲ್ಲ. ಅವಳ ಹೆಸರನ್ನು ಕೊನೆಯಲ್ಲಿ ಕರೆಯುವವರು ಬೇಬಿಯಕ್ಕ, ಕಾಪುವಿನಿಂದ ಮೊದಲ ಬಸ್ಸು ಹಿಡಿದು ಬಂದು ತಂಡದ ಜೆರ್ಸಿ ಒಗೆದು ಪ್ಯಾಡು ಒಣಗಿಸುವ ಹೆಂಗಸು. ಎರಡು ವರ್ಷದ ಹಿಂದೆ ಒಂದು ಸೋಮವಾರ ಕಾರ್ಕಳದಿಂದ ಬರುವಾಗ ಹಿರಿಯಡ್ಕದಲ್ಲಿ ಸ್ಕೂಟರ್ ಪಂಚರ್ ಆಗಿ ಡುಲ್ಸಿನ್ ನಾಲ್ಕು ನಿಮಿಷ ತಡವಾಗಿದ್ದಳು. "ಡುಲ್ಸಿನ್, ಇಲ್ಲ" ಎಂದು ದೊಡ್ಡದಾಗಿ ಹೇಳಿ ಪೆನ್ಸಿಲಿನಲ್ಲಿ ಬರೆದವರು ಇದೇ ಬೇಬಿಯಕ್ಕ. ಆ ವಾರದ ಪಂದ್ಯದಲ್ಲಿ ಮೊದಲ ಕ್ವಾರ್ಟರಿಗೇ ಎರಡು ಗೋಲು ಬಿದ್ದವು. ಬೆಂಚಿನಲ್ಲಿ ಕೂತಿದ್ದ ಡುಲ್ಸಿನಳ ಹೊಟ್ಟೆ ಉರಿದುಹೋಗಿತ್ತು. ಆದರೂ ಆ ಪುಟವನ್ನು ಹೊಸಬರಿಗೆ ತೆಗೆದು ತೋರಿಸುತ್ತಿದ್ದವಳು ಅವಳೇ.

ಈಗ ಮೋಕ್ಷಾಳ ವಿಷಯಕ್ಕೆ ಬರೋಣ. ಬನ್ನಂಜೆಯವಳು, ಇಪ್ಪತ್ತೆರಡು ವರ್ಷ, ಈ ಸೀಸನ್ನಿನಲ್ಲಿ ಒಬ್ಬಳೇ ಹದಿನಾಲ್ಕು ಗೋಲು ಹೊಡೆದವಳು. ಕಲ್ಸಂಕದಿಂದ ಮಣಿಪಾಲದವರೆಗೆ ಎತ್ತ ತಿರುಗಿದರೂ ಅವಳದೇ ಫ್ಲೆಕ್ಸು. ಸೊಕ್ಕು ಇತ್ತೇ? ಇತ್ತು. ಹದಿನಾಲ್ಕು ಗೋಲು ಹೊಡೆದೂ ಸೊಕ್ಕು ಬಾರದಿದ್ದರೆ ಡಾಕ್ಟರಿಗೆ ತೋರಿಸಬೇಕು ಎಂದು ಡುಲ್ಸಿನಳೇ ನಗುತ್ತಿದ್ದಳು. ಆದರೆ ಹಾಜರಿಯನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಸೆಮಿಫೈನಲ್ ಇದ್ದದ್ದು ಶನಿವಾರ. ಗುರುವಾರ ಬೆಳಿಗ್ಗೆ "ಮೋಕ್ಷಾ" ಎಂದು ಕರೆದಾಗ ಫ್ಯಾನಿನ ಗೊಣಗಾಟ ಬಿಟ್ಟರೆ ಬೇರೆ ಉತ್ತರ ಬರಲಿಲ್ಲ. ಡುಲ್ಸಿನ್ ಎರಡನೆಯ ಸಲ ಕರೆಯಲಿಲ್ಲ. ಪೆನ್ಸಿಲಿನಲ್ಲಿ 'ಇಲ್ಲ' ಎಂದು ಬರೆದು ಮುಂದಿನ ಹೆಸರಿಗೆ ಹೋದಳು.

ಆ ಹೊತ್ತಿಗೆ ಮೋಕ್ಷಾ ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಹಾಕಿ ಸ್ಟಿಕ್ ಹಿಡಿದು ಕಡಲಿನತ್ತ ಮುಖ ಮಾಡಿ ನಿಂತಿದ್ದಳು. ತಂಡಕ್ಕೆ ಹಣ ಕೊಡುವ ಯಾವುದೋ ಚಿನ್ನದ ಮಳಿಗೆಯ ಜಾಹೀರಾತು. ಕಡಲಿನಿಂದ ಸೂರ್ಯ ಮೇಲೇಳುವಾಗ ಅವಳ ಬಳೆ ಹೊಳೆಯಬೇಕಂತೆ. ಇದನ್ನು ಹೇಳಿದವರು ದಿಲ್ಲಿಯಿಂದ ಬಂದವರು. ನಮ್ಮ ಕಡಲಿನಲ್ಲಿ ಸೂರ್ಯ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಾಗುವಷ್ಟರಲ್ಲಿ ಬೆನ್ನ ಹಿಂದೆ ತೆಂಗಿನ ಮರಗಳ ಮೇಲೆ ಬಿಸಿಲು ಬಂದಾಗಿತ್ತು. ಏಳೂ ಕಾಲಿಗೆ ಮೋಕ್ಷಾ ಮುಖದ ಬಣ್ಣವನ್ನೂ ತೊಳೆಯದೆ ಮೈದಾನಕ್ಕೆ ಬಂದಳು.

"ಅಕ್ಕ, ಪ್ರತೀಕ್ ಸರ್ ನಿಮಗೆ ಹೇಳಿದ್ದೇನೆ ಅಂದ್ರು."

"ನನಗೆ ಯಾರೂ ಹೇಳ್ಲಿಲ್ಲ ಮಾರಾಯ್ತಿ. ಹೇಳಿದ್ರೂ ಅಷ್ಟೇ. ಶನಿವಾರ ಫಸ್ಟ್ ಕ್ವಾರ್ಟರ್ ನಿನಗೆ ಬೆಂಚು."

"ಸೆಮಿಫೈನಲ್ ಅಕ್ಕ!"

"ಗೊತ್ತುಂಟು."

ಮೋಕ್ಷಾಳ ಮುಖ ಕೆಂಪಾಯಿತು. "ಹದಿನಾಲ್ಕು ಗೋಲು ಹೊಡೆದಿದ್ದೇನೆ ನಾನು. ನೀವು ಒಂದು ಪುಸ್ತಕ ಹಿಡಿದುಕೊಂಡು ಮ್ಯಾಚು ಕಳೀತೀರಿ," ಎಂದು ಬ್ಯಾಗನ್ನು ಲಾಕರಿಗೆ ಒಗೆದು ಮೈದಾನಕ್ಕೆ ಓಡಿದಳು. ಆ ದಿನ ಅವಳು ಅಭ್ಯಾಸದಲ್ಲಿ ಹೊಡೆದ ಒಂದೊಂದು ಚೆಂಡೂ ಡುಲ್ಸಿನಳ ಹೆಲ್ಮೆಟ್ಟಿನ ಮಟ್ಟಕ್ಕೇ ಬರುತ್ತಿತ್ತು.

ಮಧ್ಯಾಹ್ನ ಪ್ರತೀಕ್ ಕರೆಸಿದ. ಪ್ರತೀಕ್ ಎಂದರೆ ತಂಡದ ಹೊಸ ಮ್ಯಾನೇಜರ್. ಉಡುಪಿ ಮೂಲದವನೇ ಆದರೂ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ, ಕನ್ನಡ ಕಲಿತದ್ದು ಪುಸ್ತಕದಿಂದ. ಹಾಗಾಗಿ ಅವನ ಕನ್ನಡ ನಮ್ಮೆಲ್ಲರದಕ್ಕಿಂತ ಶುದ್ಧ. ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ಪಕ್ಕದ ಕುರ್ಚಿಯಲ್ಲಿ ವಲೇರಿಯನ್ ಸರ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

"ಡುಲ್ಸಿನ್ ಅವರೇ, ಮೋಕ್ಷಾ ತಂಡದ ಕೆಲಸಕ್ಕೇ ಹೋಗಿದ್ದರು. ಈ 'ಇಲ್ಲ' ಎಂಬುದನ್ನು ಅಳಿಸಿ ಹಾಜರಿ ಹಾಕಿ. ಇದು ವೃತ್ತಿಪರ ತಂಡ, ಶಾಲೆಯಲ್ಲ."

"ಶಾಲೆಯಲ್ಲಿ ತಡವಾದ್ರೆ ಹೊರಗೆ ನಿಲ್ಲಿಸ್ತಾ ಇದ್ರು ಸರ್. ಇಲ್ಲಿ ಒಳಗೇ ಕೂರಿಸ್ತೇವೆ."

"ಮತ್ತೆ, ಆ 'ಉಂಟು' ಎನ್ನುವುದು ವ್ಯಾಕರಣದ ಪ್ರಕಾರವೂ ತಪ್ಪು. ಶನಿವಾರ ಕ್ಯಾಮೆರಾ ಡ್ರೆಸ್ಸಿಂಗ್ ರೂಮಿನ ಒಳಗೆ ಬರುತ್ತದೆ. ನಮ್ಮ ಆಟಗಾರ್ತಿಯರು ಸಾಮಾನುಗಳಲ್ಲ."

"ನಾನೇ ಮಾಡಿದ ತಪ್ಪು ಸರ್ ಅದು. ನನಗೆ ಗೊತ್ತುಂಟು."

ಪ್ರತೀಕ್ ಒಂದು ರಬ್ಬರನ್ನು ಪುಸ್ತಕದ ಪಕ್ಕಕ್ಕೆ ಸರಿಸಿದ. "ಮುಂದಿನ ವರ್ಷದ ಕಾಂಟ್ರಾಕ್ಟುಗಳನ್ನು ಈ ವಾರವೇ ಅಂತಿಮಗೊಳಿಸುತ್ತಿದ್ದೇವೆ," ಎಂದ.

ಅಲ್ಲಿಗೆ ಬಂದಿತ್ತು ಮಾತು. ಡುಲ್ಸಿನಳಿಗೆ ಇನ್ನೊಂದು ವರ್ಷ ಆಡಬೇಕಿತ್ತು. ಬಹಳ ಬೇಕಿತ್ತು. ಮೊಣಕಾಲು ಇನ್ನೊಂದು ವರ್ಷ ತಡೆದೀತು ಎಂದು ಡಾಕ್ಟರು ಹೇಳಿದ್ದರು. ಆ ಒಂದು ವರ್ಷವನ್ನು ಅವಳು ಮನಸ್ಸಿನಲ್ಲಿ ಹಬ್ಬದ ಬಟ್ಟೆಯಂತೆ ಮಡಚಿ ಇಟ್ಟುಕೊಂಡಿದ್ದಳು. ಮೇಜಿನ ಮೇಲಿದ್ದದ್ದು ಪೆನ್ಸಿಲಿನ ಎರಡಕ್ಷರ, ಪಕ್ಕದಲ್ಲೇ ರಬ್ಬರು. ಅವಳು ಪುಸ್ತಕವನ್ನು ಪ್ರತೀಕನ ಕಡೆಗೆ ತಳ್ಳಿದಳು.

"ಅವಳು ಇರ್ಲಿಲ್ಲ ಸರ್. ಇಲ್ಲದವಳನ್ನು ಉಂಟು ಅಂತ ನಾನು ಬರೆಯುವುದಿಲ್ಲ. ನಾಯಕಿ ಬೇರೆಯವರು ಆಗ್ಬಹುದು. ಕೀಪರೂ ಬೇರೆಯವರು ಆಗ್ಬಹುದು. ಇದು ಮಾತ್ರ ನನ್ನ ಕೈಯಲ್ಲಿ ಆಗುವುದಿಲ್ಲ."

"ಹಾಗಾದರೆ ಎರಡೂ ಬೇರೆಯವರೇ ಆಗಲಿ," ಎಂದ ಪ್ರತೀಕ್. ತನ್ನ ಜೇಬಿನ ಪೆನ್ನು ತೆಗೆದು ಆ 'ಇಲ್ಲ'ದ ಮೇಲೆ ಹಸಿರು ಶಾಯಿಯಲ್ಲಿ ದೊಡ್ಡ ಟಿಕ್ ಹಾಕಿದ. ಡುಲ್ಸಿನ್ ಕೋಚಿನ ಮುಖ ನೋಡಿದಳು. ಕಿಟಕಿಯ ಹೊರಗೆ ಅಂಥದ್ದೇನಿತ್ತೋ, ವಲೇರಿಯನ್ ಸರ್ ಕಣ್ಣು ಕೀಳಲಿಲ್ಲ.

ಶುಕ್ರವಾರ ನಾಯಕಿಯ ತೋಳುಪಟ್ಟಿಯೂ ಹಾಜರಿ ಪುಸ್ತಕವೂ ಮೋಕ್ಷಾಳ ಲಾಕರಿಗೆ ಹೋದವು. ಇಷ್ಟು ದಿನ ಮೀಸಲು ಕೀಪರ್ ಆಗಿದ್ದ ಸೋಫಿಯಾ ಗೋಲಿಗೆ, ಅವಳ ಜಾಗಕ್ಕೆ ಡುಲ್ಸಿನ್. ಸಂಜೆ, ಡುಲ್ಸಿನ್, ಆಶ್ರಿತಾ, ಸೋಫಿಯಾ ಮೂವರೂ ಒಟ್ಟಿಗೇ ಇದ್ದ ಪರ್ಕಳದ ರೂಮಿನಲ್ಲಿ, ಆಶ್ರಿತಾ ಕುದಿಯುತ್ತಿದ್ದಳು. ಸೋಫಿಯಾ ತಾನೇ ಕದ್ದವಳಂತೆ ಮೂಲೆಯಲ್ಲಿ ಕೂತಿದ್ದಳು. "ನಾಳೆ ಅವರಿಗೆ ತೋರಿಸ್ತೇವೆ ನೋಡಿ ಅಕ್ಕ," ಎಂದಳು ಆಶ್ರಿತಾ. ಎಂತ ತೋರಿಸುತ್ತೀರಿ ಎಂದು ಡುಲ್ಸಿನ್ ಕೇಳಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು, ಸದ್ದು ಕೇಳಿಸದ ಹಾಗೆ ಮನಸಾರೆ ಅತ್ತಳು. ಅವಮಾನಕ್ಕೆ ಅತ್ತಳು, ಸಿಟ್ಟಿಗೆ ಅತ್ತಳು, ಹೆಚ್ಚಾಗಿ ಆ ಒಂದು ವರ್ಷಕ್ಕೆ ಅತ್ತಳು. ಆಮೇಲೆ ಮುಖ ತೊಳೆದು ಬಂದು, "ಸೋಫಿಯಾ, ಬಾ. ಅವರ ಪೆನಾಲ್ಟಿ ಕಾರ್ನರ್ ಹೊಡೆಯುವವಳು ಯಾವಾಗಲೂ ಎಡಕ್ಕೆ ನೋಡಿ ಬಲಕ್ಕೆ ಹಾಕ್ತಾಳೆ. ವಿಡಿಯೋ ತೋರಿಸ್ತೇನೆ," ಎಂದು ಮೊಬೈಲು ತೆಗೆದಳು.

ಶನಿವಾರ ಪಂದ್ಯ ನಾಲ್ಕು ಗಂಟೆಗೆ, ಹಾಜರಿ ಎರಡಕ್ಕೆ. ಡುಲ್ಸಿನ್ ಎಂದಿನಂತೆ ಮೊದಲೇ ಬಂದು ನೀರಿನ ಬಾಟಲಿಗಳನ್ನು ತುಂಬಿಸಿಟ್ಟಳು, ಸೋಫಿಯಾಳ ಪ್ಯಾಡಿನ ಪಟ್ಟಿಗಳನ್ನು ಎಳೆದು ನೋಡಿದಳು. ನಾಯಕಿಯ ಮೂಲೆ ಈಗ ಅವಳದಲ್ಲ. ಎದುರಿನ ಬೆಂಚಿನ ತುದಿಯಲ್ಲಿ ಹೋಗಿ ಕೂತು ಬೂಟು ಕಟ್ಟಿಕೊಂಡಳು. ಕ್ಯಾಮೆರಾದವನು ಬಂದ, ಪ್ರತೀಕ್ ಬಂದ, ವಲೇರಿಯನ್ ಸರ್ ಬಂದು ಗೋಡೆಗೆ ಒರಗಿ ನಿಂತರು. ಮೋಕ್ಷಾ ಪುಸ್ತಕ ತೆರೆದಳು. ತೋಳುಪಟ್ಟಿ ಅವಳ ಸಪೂರ ತೋಳಿನಲ್ಲಿ ನಿಲ್ಲದೆ ಜಾರುತ್ತಿತ್ತು.

"ಆಶ್ರಿತಾ."

"ಇದ್ದೇನೆ."

ಮೋಕ್ಷಾ ತಲೆ ಎತ್ತಿದಳು. ಆಶ್ರಿತಾ ಗೋಡೆ ನೋಡುತ್ತಿದ್ದಳು.

"ಸೋಫಿಯಾ."

"ಇದ್ದೇನೆ."

ಒಬ್ಬೊಬ್ಬರಾಗಿ ಎಲ್ಲರೂ ಅಂದರು. ಇದ್ದೇನೆ. ಇದ್ದೇನೆ. ರಾಂಚಿಯ ಹುಡುಗಿಯರಿಗೆ ಕನ್ನಡದಲ್ಲಿ ಬರುತ್ತಿದ್ದುದು 'ಉಂಟು' ಮತ್ತು 'ಊಟ' ಎಂಬ ಎರಡೇ ಮಾತು. ಅವರೂ "ಇದ್ದಾನೆ", "ಇದ್ದಾನೆ" ಎಂದು ತಪ್ಪು ತಪ್ಪಾಗಿ ಹೇಳಿದಾಗ ಇದು ಬೆಳಿಗ್ಗೆಯೇ ಬಾಯಿಪಾಠ ಮಾಡಿಸಿದ್ದು ಎಂದು ಡುಲ್ಸಿನಳಿಗೆ ಗೊತ್ತಾಯಿತು. ಪ್ರತೀಕನ ಮುಖ ಅರಳಿತು. ಕೊನೆಗೂ ವ್ಯಾಕರಣ ಸರಿಯಾಯಿತಲ್ಲ! ಮೋಕ್ಷಾಳ ಮುಖ ಮಾತ್ರ ಬಾಡುತ್ತ ಬಂತು. ಬನ್ನಂಜೆಯವಳಿಗೆ ಅರ್ಥವಾಗದೆ ಇರುತ್ತದೆಯೇ? ನಾವು ಇಲ್ಲಿ ಕೂತಿದ್ದೇವೆ, ಆದರೆ ನಿನ್ನ ಕೈಗೆ ಸಿಗುವುದಿಲ್ಲ ಎಂದು ಹದಿನಾರು ಜನ ಅವಳ ಮುಖಕ್ಕೆ ಹೇಳುತ್ತಿದ್ದರು.

"ಡುಲ್ಸಿನ್," ಎಂದಳು ಮೋಕ್ಷಾ. ದನಿ ಅರ್ಧಕ್ಕೇ ಒಡೆಯಿತು.

ಎಲ್ಲರ ಕಣ್ಣೂ ಡುಲ್ಸಿನಳ ಮೇಲೆ. ಆಶ್ರಿತಾಳ ತುಟಿಯಲ್ಲಿ ಸಣ್ಣ ನಗು. ಒಂದು ಮಾತು ಹೇಳಿದರೆ ಸಾಕಿತ್ತು, ಸೇಡು ಪೂರ್ತಿಯಾಗುತ್ತಿತ್ತು. ಡುಲ್ಸಿನಳಿಗೆ ಆ ಕ್ಷಣ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ತನಗಾಗಿ ಇಷ್ಟು ಜನ ನಿಂತರಲ್ಲ ಎಂದು ಎದೆ ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ನಾಲ್ಕು ವರ್ಷ ಬೆಳಗಾಗೆದ್ದು ಕಲಿಸಿದ್ದು ಇದನ್ನೇ?

"ಉಂಟು!" ಎಂದಳು. ಕ್ಯಾಮೆರಾದವನು ಬೆಚ್ಚುವಷ್ಟು ದೊಡ್ಡದಾಗಿ.

ಎದ್ದು ನಿಂತಳು. "ಎಂತ ಆಟ ಇದು? ಆಶ್ರಿತಾ, ನಿನಗೇ ಹೇಳುವುದು. ಉಂಟು ಅಂತ ನೀವು ಇಷ್ಟು ವರ್ಷ ಹೇಳಿದ್ದು ನನಗಾ? ನನ್ನ ಮುಖ ನೋಡಿಯಾ? ಹಾಗಾದ್ರೆ ನಾನು ಕಲಿಸಿದ್ದು ದಂಡ. ಪುಸ್ತಕ ಹಿಡಿದವಳು ನಾನಾದ್ರೂ ಅಷ್ಟೇ, ಇವಳಾದ್ರೂ ಅಷ್ಟೇ, ಬೇಬಿಯಕ್ಕ ಆದ್ರೂ ಅಷ್ಟೇ. ಆಡ್ಲಿಕ್ಕೆ ಮನಸ್ಸಿಲ್ಲದವರು ಬೂಟು ಬಿಚ್ಚಿ ಈಗಲೇ ಮನೆಗೆ ಹೋಗಿ. ನಾನು ಬೆಂಚಿನಲ್ಲಿ ಕೂರುವವಳು, ನಾನೇ ಉಂಟು ಅಂದಿದ್ದೇನೆ. ಗೋಲಿನ ಎದುರು ನಿಲ್ಲುವವರಿಗೆ ಎಂತ ಆಗಿದೆ?"

ಡುಲ್ಸಿನ್ ಮೋಕ್ಷಾಳ ಕಡೆ ತಿರುಗಿ, "ಪುನಃ ಮೊದಲಿನಿಂದ ಕರಿ," ಎಂದಳು.

ಮೋಕ್ಷಾ ಕರೆದಳು. ಆಶ್ರಿತಾ ನೆಲ ನೋಡುತ್ತ, ಕಣ್ಣು ಒರೆಸಿಕೊಳ್ಳುತ್ತ "ಉಂಟು" ಅಂದಳು. ಸೋಫಿಯಾ ಉಂಟು ಅಂದಳು. ರಾಂಚಿಯವರಿಬ್ಬರೂ ತಮಗೆ ಗೊತ್ತಿದ್ದ ಕನ್ನಡ ಮರಳಿ ಸಿಕ್ಕಿದ ಖುಷಿಗೆ ಬೇಕಾದದ್ದಕ್ಕಿಂತ ಜೋರಾಗಿಯೇ ಅಂದರು. ಹದಿನೇಳು ಹೆಸರು ಮುಗಿದವು. ಉಳಿದದ್ದು ನಾಯಕಿಯದು. ಬೇಬಿಯಕ್ಕ ಸೀರೆಯ ಸೆರಗಿಗೆ ಒದ್ದೆ ಕೈ ಒರೆಸಿಕೊಂಡು ಮುಂದೆ ಬಂದರು. ಪುಸ್ತಕ ತೆಗೆದುಕೊಂಡು, ಹಸಿರು ಟಿಕ್ಕಿನ ಮೇಲೆ ಒಂದು ಕ್ಷಣ ಬೆರಳಿಟ್ಟು, ಹೆಸರು ಕರೆದರು.

"ಮೋ‍ಕ್ಷಾ."

ಮೋಕ್ಷಾ ಜಾರುತ್ತಿದ್ದ ತೋಳುಪಟ್ಟಿಯನ್ನು ಮೇಲಕ್ಕೆ ಎಳೆದುಕೊಂಡಳು. "ಇವತ್ತು ಉಂಟು," ಎಂದಳು. "ಗುರುವಾರ ಇಲ್ಲ."

ಬೇಬಿಯಕ್ಕನ ಕೈಯಿಂದ ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಆ ಹಸಿರು ಟಿಕ್ಕನ್ನು ಅಡ್ಡಡ್ಡ ಹೊಡೆದು ಹಾಕಿದಳು. ಪೆನ್ಸಿಲಿನ ಮೊನೆ ಮುರಿಯಿತು. ಮುರಿದ ಮೊನೆಯಲ್ಲೇ ಕೆರೆದು ಪಕ್ಕದಲ್ಲಿ 'ಇಲ್ಲ' ಎಂದು ಬರೆದಳು.

"ಮೋಕ್ಷಾ, ಇದು ಹುಚ್ಚಾಟ. ನೀವು ಆರಂಭದಿಂದಲೇ ಆಡುತ್ತೀರಿ," ಎಂದ ಪ್ರತೀಕ್.

"ಫಸ್ಟ್ ಕ್ವಾರ್ಟರ್ ನನಗೆ ಬೆಂಚು ಸರ್. ಹಾಗೆ ಉಂಟು ಇಲ್ಲಿ."

ಆಗ ಗೋಡೆಗೆ ಒರಗಿದ್ದ ವಲೇರಿಯನ್ ಸರ್ ಮುಂದೆ ಬಂದು ಹನ್ನೊಂದು ಜನರ ಪಟ್ಟಿಯಿಂದ ಮೋಕ್ಷಾಳ ಹೆಸರನ್ನು ಕೆಳಗಿಳಿಸಿದರು. "ಹನ್ನೊಂದು ಜನರನ್ನು ಆರಿಸುವುದು ಕೋಚಿನ ಕೆಲಸ, ಪ್ರತೀಕ್. ನನಗೂ ಈಗಷ್ಟೇ ನೆನಪಾಯ್ತು," ಎಂದರು. ಪೆನ್ನನ್ನು ಕೀಪರ್ ಹೆಸರಿನ ಮೇಲಿಟ್ಟು ಡುಲ್ಸಿನಳ ಮುಖ ನೋಡಿದರು. ಹೂಂ ಅಂದರೆ ಅವಳದೇ ಗೋಲು, ಬಹುಶಃ ಅವಳ ಕೊನೆಯ ಪಂದ್ಯ. ಡುಲ್ಸಿನ್ ಸೋಫಿಯಾಳ ಕಡೆ ಕೈ ತೋರಿಸಿದಳು.

"ಸೋಫಿಯಾ ರೆಡಿ ಉಂಟು ಸರ್," ಎಂದಳು. "ಅವಳೇ ನಿಲ್ಲಲಿ."

ಗೆದ್ದರು ಎಂದು ಬರೆಯಲು ನನಗೂ ಆಸೆ. ಆದರೆ ಸೋತರು. ಮೊದಲ ಕ್ವಾರ್ಟರಿನಲ್ಲಿ ಮುಂದೆ ಚೆಂಡು ಒಯ್ಯುವವರಿಲ್ಲದೆ ಎದುರಾಳಿಗಳು ಒತ್ತಿ ಬಂದು ಎರಡು ಗೋಲು ಹಾಕಿದರು. ಬೆಂಚಿನಲ್ಲಿ ಡುಲ್ಸಿನಳ ಪಕ್ಕ ಕೂತಿದ್ದ ಮೋಕ್ಷಾ ಉಗುರು ಕಚ್ಚುತ್ತ, "ಅಕ್ಕ, ನನ್ನಿಂದ," ಎಂದಳು. "ಹೌದು, ನಿನ್ನಿಂದಲೇ," ಎಂದಳು ಡುಲ್ಸಿನ್. "ಇನ್ನೂ ಮೂರು ಕ್ವಾರ್ಟರ್ ಉಂಟು. ಹೋಗು, ಆಡು." ಮೋಕ್ಷಾ ಹುಚ್ಚು ಹಿಡಿದವಳಂತೆ ಆಡಿ ಒಂದು ಗೋಲು ತಂದಳು. ಸೋಫಿಯಾ ಎಡಕ್ಕೆ ನೋಡಿ ಬಲಕ್ಕೆ ಹಾಕುವವಳ ಮೂರು ಪೆನಾಲ್ಟಿ ಕಾರ್ನರ್ ತಡೆದಳು. ಕೊನೆಯ ನಿಮಿಷ ಆಶ್ರಿತಾ ಹೊಡೆದ ಚೆಂಡು ಗೋಲಿನ ಕಂಬಕ್ಕೆ ತಾಗಿ ಹೊರಗೆ ಹೋಯಿತು. ಎರಡು–ಒಂದು. ಮೋಕ್ಷಾ ಮೊದಲಿನಿಂದ ಆಡಿದ್ದರೆ ಗೆಲ್ಲುತ್ತಿದ್ದರೇನೋ. ಪ್ರತೀಕ್ ಅದನ್ನೇ ಹೇಳಿದ, ಅವನು ಹೇಳಿದ್ದು ಸುಳ್ಳೂ ಅಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಹದಿನೆಂಟು ಜನ ಅತ್ತರು, ಆದರೆ ಒಬ್ಬಳೂ ಇನ್ನೊಬ್ಬಳನ್ನು ದೂರಲಿಲ್ಲ.

ಭಾನುವಾರ ಕಾರ್ಕಳದ ಮನೆಯಲ್ಲಿ ಊಟಕ್ಕೆ ಕೂತಾಗ ಮೊಬೈಲಿಗೆ ಸಂದೇಶ ಬಂತು. ಶುದ್ಧ ಕನ್ನಡದಲ್ಲಿತ್ತು. ಮುಂದಿನ ವರ್ಷಕ್ಕೆ ನಿಮ್ಮ ಅಗತ್ಯವಿರುವುದಿಲ್ಲ, ಸೋಮವಾರ ಬೆಳಿಗ್ಗೆ ತಂಡದ ಸಾಮಗ್ರಿಗಳನ್ನು ಹಿಂದಿರುಗಿಸತಕ್ಕದ್ದು. ಅಮ್ಮ ಬಡಿಸುತ್ತಿದ್ದ ಸೌಟನ್ನು ಹಿಡಿದುಕೊಂಡೇ "ಎಂತ ಅಂತೆ?" ಎಂದು ಕೇಳಿದಳು. "ನಾಳೆ ಬರಬೇಕಂತೆ," ಎಂದಳು ಡುಲ್ಸಿನ್. ಬಡಿಸಿದ್ದನ್ನೆಲ್ಲ ಉಂಡು ತಟ್ಟೆ ಖಾಲಿ ಮಾಡಿದಳು.

ಸೀಸನ್ ಮುಗಿದಿತ್ತು. ಅಭ್ಯಾಸವಿಲ್ಲ, ಹಾಜರಿ ಇಲ್ಲ, ಎಲ್ಲರೂ ಊರಿಗೆ ಹೊರಡುವ ದಿನ. ಯಾರ ಮುಖವನ್ನೂ ನೋಡದೆ ಬ್ಯಾಗು ಇಟ್ಟು ಬಂದುಬಿಡೋಣ ಎಂದು ಡುಲ್ಸಿನ್ ಕತ್ತಲಿರುವಾಗಲೇ ಸ್ಕೂಟರ್ ಹತ್ತಿದಳು. ಹಿರಿಯಡ್ಕದಲ್ಲಿ ಪಂಚರಾಗಲಿಲ್ಲ. ಕಾಲಿಗೆ ಹವಾಯಿ ಚಪ್ಪಲಿ, ಬೆನ್ನಿಗೆ ಪ್ಯಾಡು, ಹೆಲ್ಮೆಟ್ಟು, ಬೂಟು ತುಂಬಿದ ಬ್ಯಾಗು. ಮೈದಾನ ತಲುಪಿ ನೋಡಿದರೆ ಗ್ಯಾಲರಿಯ ಕೆಳಗೆ ದೀಪ ಉರಿಯುತ್ತಿತ್ತು.

ಬಾಗಿಲು ತಳ್ಳಿದಳು. ಎರಡೂ ಬೆಂಚು ಭರ್ತಿ. ಹದಿನೇಳು ಜನ ಬೂಟು ಕಟ್ಟಿ ಕೂತಿದ್ದರು. ಮಧ್ಯಾಹ್ನ ರೈಲು ಹತ್ತಬೇಕಾದ ರಾಂಚಿಯವರ ಸೂಟ್‌ಕೇಸುಗಳು ಲಾಕರಿಗೆ ಒರಗಿದ್ದವು. ಬೇಬಿಯಕ್ಕ ಹಗ್ಗಕ್ಕೆ ಜೆರ್ಸಿ ಹಾಕುತ್ತಿದ್ದರು. ಅದರ ಕೆಳಗಿನ ಮೂಲೆಯಲ್ಲಿ, ತಲೆಯ ಮೇಲೆ ನೀರು ತೊಟ್ಟಿಕ್ಕಿಸಿಕೊಳ್ಳುತ್ತ, ಮೋಕ್ಷಾ ಪುಸ್ತಕ ಹಿಡಿದು ಕೂತಿದ್ದಳು. ಪುಟದಲ್ಲಿ ಡುಲ್ಸಿನಳ ಹೆಸರಿನ ಮೇಲೆ ಪ್ರತೀಕನ ಹಸಿರು ಶಾಯಿಯ ಗೆರೆ ಎಳೆದಿತ್ತು. ಅದೇ ಹೆಸರು ಅದೇ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಪೆನ್ಸಿಲಿನಲ್ಲಿ ಹೊಸದಾಗಿ ಬರೆದಿತ್ತು.

"ಪ್ರತೀಕ್ ಸರ್ ಹತ್ತು ಗಂಟೆಗೆ ಬರ್ತಾರೆ," ಎಂದಳು ಮೋಕ್ಷಾ. "ಬಂದು ಕೇಳಲಿ. ಡುಲ್ಸಿನಕ್ಕ ಇಲ್ಲದಿದ್ರೆ ಮುಂದಿನ ವರ್ಷ ನಾವೂ ಇಲ್ಲ ಅಂತ ಹದಿನೇಳು ಜನ ಸೈನು ಹಾಕಿ ಆಗಿದೆ. ವಲೇರಿಯನ್ ಸರ್ ಹದಿನೆಂಟನೆಯದ್ದು. ಆಮೇಲೆ ಅವರು ಎಂತ ಬೇಕಾದ್ರೂ ಮಾಡ್ಲಿ." ಗಂಟಲು ಸರಿಮಾಡಿಕೊಂಡು ಹೆಸರು ಕರೆದಳು. "ಡುಲ್ಸಿನ್."

ಡುಲ್ಸಿನ್ ಉಂಟು ಅನ್ನುವಷ್ಟರಲ್ಲಿ ಮೋಕ್ಷಾ ಅವಳ ಕಾಲು ನೋಡಿದಳು.

"ಬೂಟು ಕಟ್ಟದೆ ಹಾಜರಿ ಇಲ್ಲ ಅಕ್ಕ. ನಿಮ್ಮದೇ ರೂಲು."

ಡುಲ್ಸಿನ್ ಗೋಡೆಯ ಗಡಿಯಾರ ನೋಡಿದಳು. ಐದು ನಲವತ್ತನಾಲ್ಕು.

"ಇನ್ನೂ ಒಂದು ನಿಮಿಷ ಉಂಟಲ್ಲ ಮಾರಾಯ್ತಿ," ಎಂದು ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಹಿಂದಿರುಗಿಸಲೆಂದು ತಂದ ಬ್ಯಾಗಿನ ಜಿಪ್ಪು ಎಳೆದು ಬೂಟು ಹೊರತೆಗೆದಳು.